ಅಜ್ಜನಿಗೆ ಒಂದನೇ ನಂಬರು

ಎದುರಿಗಿದ್ದವರ ಮಾತು ಮುಗಿಯುವ ತನಕ ತುಟಿ ಬಿಚ್ಚದಿರುವುದು ಲೈನಕ್ಕನ ಹಳೆಯ ರೂಢಿ. ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಲಿತದ್ದು ಅದು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಬೋರ್ಡಿನಲ್ಲಿ ಮಿಣಕ್ಕೆಂದ ದೀಪವನ್ನು ನೋಡಿ, "ಯಾರು ಬೇಕು?" ಎಂದು ಕೇಳಿ, ವಾರ್ಡಿನವರನ್ನು ಔಷಧಿ ಉಗ್ರಾಣಕ್ಕೂ, ಉಗ್ರಾಣದವರನ್ನು ಕಚೇರಿಗೂ, ಗಾಬರಿಬಿದ್ದ ಬಂಧುಗಳನ್ನು ಸರಿಯಾದ ಮಹಡಿಗೂ ಜೋಡಿಸುತ್ತ ಅವಳ ಯೌವನದ ಬಹುಪಾಲು ಕಳೆದಿತ್ತು. ಅಡ್ಡಹೆಸರು ಅಲ್ಲಿಯೇ ಹುಟ್ಟಿತು. ಹುಟ್ಟಿದ್ದೇ ತಡ, ನಿಜವಾದ ಹೆಸರನ್ನು ಮೂಲೆಗೆ ತಳ್ಳಿತು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರಾದ ವೈದ್ಯರು ಕೂಡ "ಲೈನಕ್ಕನ್ನ ಕೇಳಿ, ಗೊತ್ತಿರತ್ತೆ" ಎನ್ನುತ್ತಿದ್ದರು.

ಎಲ್ಲರ ಜೇಬಿಗೂ ಒಂದೊಂದು ಫೋನು ಬಂದ ಮೇಲೆ ಆ ಬೋರ್ಡನ್ನು ಕಳಚಿ ಒಯ್ದರು. ಲೈನಕ್ಕನನ್ನು ಮಾತ್ರ ಎಲ್ಲಿಗೆ ಒಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಂದಷ್ಟು ಕಾಲ ಕಡತಗಳಿಗೆ ಚೀಟಿ ಅಂಟಿಸಿದಳು, ವಿಚಾರಣೆಯ ಕಿಟಕಿಯಲ್ಲಿ ಕೂತಳು, ರಜೆ ಹಾಕಿದವರ ಕುರ್ಚಿಗಳನ್ನೆಲ್ಲ ಒಂದು ಸುತ್ತು ತುಂಬಿದಳು. ತಾನು ಇದ್ದೂ ಇಲ್ಲದಂತಿದ್ದೇನೆ ಎಂಬುದು ಮನಸ್ಸಿಗೆ ನಾಟಿದ ದಿನ ಕಂಪ್ಯೂಟರ್ ನೆಟ್‌ವರ್ಕಿನ ಸಂಜೆ ತರಗತಿಗೆ ಸೇರಿಕೊಂಡಳು. ಗಂಡ ನಗರದ ಬಸ್ಸಿನ ಚಾಲಕ. ತನ್ನ ಕೊನೆಯ ಸುತ್ತಿನ ಬಸ್ಸಿನಲ್ಲಿಯೇ ಅವಳನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದ.

"ನಾನು ಬಸ್ಸನ್ನ ದಾರಿಗೆ ಹತ್ತಿಸ್ತೀನಿ. ನೀನು ಅಲ್ಲಿ ಯಾವುದನ್ನ ದಾರಿಗೆ ಹತ್ತಿಸೋದು ಕಲೀತಿದೀಯ?" ಎಂದು ಒಮ್ಮೆ ಕೇಳಿದ.

"ಕೇಳಿದ ಪ್ರಶ್ನೆನ. ಅದು ಹೋಗಿ ಉತ್ತರ ಕರ್ಕೊಂಡು ಬರ್ಬೇಕು."

"ನಮ್ಮನೇಲಿ ಪ್ರಶ್ನೆ ಹೊರಡೋದಷ್ಟೇ, ವಾಪಸ್ ಬಂದಿದ್ದು ನಾನು ಕಾಣೆ" ಎಂದು ಆತ ಕನ್ನಡಿಯಲ್ಲಿ ಅವಳತ್ತ ನೋಡಿ ನಕ್ಕಿದ್ದ.

ಆಸ್ಪತ್ರೆಗೆ ಎರಡು ಕಟ್ಟಡಗಳಿದ್ದವು, ನಡುವೆ ಒಂದು ರಸ್ತೆ. ವಾರ್ಡುಗಳೂ ಕಚೇರಿಯೂ ಹೊಸ ಕಟ್ಟಡದಲ್ಲಿ. ರಕ್ತ, ಮೂತ್ರ ಪರೀಕ್ಷಿಸುವ ಲ್ಯಾಬು ಹಳೆಯದರಲ್ಲಿ. ಲ್ಯಾಬಿನ ವರದಿಗಳು ಕಾಗದದ ಮೇಲೆ, ಆಯಾಗಳ ಕೈಯಲ್ಲಿ, ರಸ್ತೆ ದಾಟಿ ಬರುತ್ತಿದ್ದವು. ವಾಹನಗಳು ಸಾಲುಗಟ್ಟಿದ ಹೊತ್ತಿನಲ್ಲಿ ರೋಗಿ ಈ ದಂಡೆಯಲ್ಲಿ, ಅವನ ರೋಗದ ಸುದ್ದಿ ಆ ದಂಡೆಯಲ್ಲಿ. ಇದನ್ನು ಕೊನೆಗಾಣಿಸಲು ಇಡೀ ಆಸ್ಪತ್ರೆಗೆ ಒಂದೇ ಜಾಲ ಹೆಣೆಯಬೇಕೆಂಬ ತೀರ್ಮಾನವಾದಾಗ, ಹೊರಗಿನ ಕಂಪನಿಯೊಂದು ಮುಂದೆ ಬಂದಿತ್ತು. ಆಡಳಿತಾಧಿಕಾರಿ ಮಾತ್ರ ಲೈನಕ್ಕನನ್ನು ಕರೆದು, "ನಿಮ್ಮ ಕೈಲಾಗತ್ತಾ?" ಎಂದು ಕೇಳಿದರು. ಅವಳು ಎಂದಿನಂತೆ ಅವರ ಮಾತು ಪೂರ್ತಿ ಮುಗಿಯುವುದನ್ನೇ ಕಾದಳು.

"ಆಗತ್ತೆ ಅಂದ್ರೆ ಮಾಡಿ. ತಿಂಗಳ ಕೊನೆ ತನಕ ನೋಡೋಣ. ಲ್ಯಾಬಿನೋರು, ವಾರ್ಡಿನೋರು ಇಬ್ರೂ ಸೈ ಅನ್ನಬೇಕು. ಇಲ್ಲಾಂದ್ರೆ ನಿಮ್ಮ ಜಾಲ ಬಿಚ್ಚಿ ಕಂಪನಿಯವರಿಗೆ ಕೊಡೋದೇ. ಬೇಜಾರು ಮಾಡ್ಕೋಬಾರದು."

"ಆಗತ್ತೆ ಸಾರ್" ಎಂದಳು. ಅಷ್ಟು ವರ್ಷ ಬೇರೆಯವರು ಜೋಡಿಸಿಟ್ಟ ಬೋರ್ಡಿನ ಮುಂದೆ ಕೂತವಳಿಗೆ, ತಾನೇ ಯೋಚಿಸಿ ಕಟ್ಟುವ ಮೊದಲ ಕೆಲಸ ಅದಾಗಿತ್ತು.

ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಅವಳು ನಕ್ಷೆ ಬಿಡಿಸಿದಳು. ಎಲ್ಲ ವರದಿಗಳನ್ನೂ ಕಾಪಾಡುವ ಸರ್ವರ್, ಹಳೆಯ ಎಕ್ಸ್‌ಚೇಂಜ್ ಕೋಣೆಯಲ್ಲಿ. ಅದನ್ನು ಕೇಳುವ, ಅದಕ್ಕೆ ಹೇಳುವ ಕಂಪ್ಯೂಟರುಗಳು ಎಲ್ಲ ಕಡೆ. ವಾರ್ಡು, ಕಚೇರಿ, ಲ್ಯಾಬು ಎಂದು ಮೂರು ಕೇರಿ. ಕೇರಿಯೊಳಗಿನ ಮಾತು ಕೇರಿಯೊಳಗೇ ಮುಗಿಯಬೇಕು. ಹೊರಗೆ ಹೋಗಬೇಕಾದದ್ದು ಮಾತ್ರ ಕೇರಿಬಾಗಿಲಿನ ಗೇಟ್‌ವೇಗೆ ಬರಬೇಕು. ಅದು ವಿಳಾಸ ನೋಡಿ ಸರಿಯಾದ ದಾರಿಗೆ ಹತ್ತಿಸಬೇಕು. ತಾನು ಅಷ್ಟು ಕಾಲ ಮಾಡಿದ್ದೂ ಇದನ್ನೇ ಅಲ್ಲವೇ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು. ಒಂದೊಂದು ಕೇರಿಯೊಳಗೂ ಪ್ರತಿ ಯಂತ್ರಕ್ಕೆ, ಮನೆ ನಂಬರಿನ ಹಾಗೆ, ಅದರದೇ ನಂಬರಿರುತ್ತದೆ. ಮೂರೂ ಕೇರಿಗಳಲ್ಲಿ ಒಂದನೇ ನಂಬರನ್ನು ಗೇಟ್‌ವೇಗೆ ಕೊಟ್ಟಳು. ಸಂಜೆ ತರಗತಿಯ ಗುರುಗಳು ಹಾಗೆಯೇ ಮಾಡುತ್ತಿದ್ದರು. ನಕ್ಷೆಗೆ ಅದರಿಂದ ಒಂದು ಅಂದವೂ ಬಂದಿತ್ತು.

ತಟ್ಟೆ ಇಡಲು ಜಾಗವಿಲ್ಲದೆ ಅತ್ತೆ ಗೊಣಗಿದರು: "ಮೊದಲು ನಿನ್ನ ಗಂಡನ ಹತ್ರ ಮಾತಾಡೋಕೆ ಫೋನ್ ಅಡ್ಡ ಬರ್ತಿತ್ತು. ಈಗ ನಮ್ಮೆಲ್ಲರ ಊಟಕ್ಕೇ ಅಡ್ಡ ಬಂತಲ್ಲೇ."

"ಇನ್ನೊಂಚೂರು ಅತ್ತೆ. ಈ ಗೆರೆ ಎಳೆದುಬಿಡ್ತೀನಿ."

"ಎಳಿ, ಎಳಿ. ಹುಳಿ ಬಿದ್ರೆ ನನ್ನ ಕೇಳಬೇಡ" ಎನ್ನುತ್ತಲೇ ಅತ್ತೆ, ಹಾಳೆ ಸುರುಳಿಯಾಗದಂತೆ ಅದರ ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟುಕೊಟ್ಟಿದ್ದರು.

ಜಾಲ ಎದ್ದು ನಿಂತಿತು. ವಾರ್ಡು, ಕಚೇರಿ ಎರಡೂ ಗಡಿಯಾರದಂತೆ ನಡೆದವು. ಲ್ಯಾಬಿನದೇ ವಿಚಿತ್ರ. ಬೆಳಿಗ್ಗೆ ವರದಿಗಳು ಸರಸರನೆ ಹೋಗುತ್ತಿದ್ದವು; ಒಮ್ಮೆಲೇ ಅರ್ಧ ಹೋಗಿ ಅರ್ಧ ಎಲ್ಲೋ ಕಾಣೆಯಾಗುತ್ತಿದ್ದವು; ಯಾರೂ ಏನೂ ಮಾಡದೆ ಮತ್ತೆ ತಾನಾಗಿಯೇ ಸರಿಹೋಗುತ್ತಿತ್ತು. ಕೆಲವು ದಿನ ಏನೂ ತೊಂದರೆಯೇ ಇಲ್ಲ. ಲೈನಕ್ಕ ಕೇಬಲ್ ಬದಲಾಯಿಸಿದಳು, ಕೇಬಲ್‌ಗಳು ಬಂದು ಸೇರುವ ಸ್ವಿಚ್ ಪೆಟ್ಟಿಗೆ ಬದಲಾಯಿಸಿದಳು, ಗೇಟ್‌ವೇಯನ್ನೇ ಬಿಚ್ಚಿ ಧೂಳು ಕೊಡವಿ ಮತ್ತೆ ಕೂರಿಸಿದಳು. ಅವಳು ನೋಡಲು ಬಂದಾಗ ಜಾಲ, ಅತಿಥಿಗಳ ಮುಂದೆ ಕೂತ ತುಂಟ ಮಗುವಿನ ಹಾಗೆ, ಸದ್ದಿಲ್ಲದೆ ಸರಿಯಾಗಿರುತ್ತಿತ್ತು.

"ನಿಮ್ಮ ಗೇಟ್‌ವೇಗಿಂತ ನಮ್ಮ ಆಯಾಗಳ ಕಾಲೇ ವಾಸಿ ಕಣ್ರೀ" ಎಂದರು ವಾರ್ಡಿನ ಹಿರಿಯ ನರ್ಸು. ಬೈಗುಳವಲ್ಲ, ಆದರೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತಿಂಗಳು ಮುಗಿಯುತ್ತ ಬಂದಿತ್ತು. ಕಂಪನಿಯವರು ಕಚೇರಿಗೆ ಬಂದು ಚಹಾ ಕುಡಿದು ಹೋದ ಸುದ್ದಿಯೂ ಕಿವಿಗೆ ಬಿತ್ತು.

ಇನ್ನು ಯಂತ್ರಗಳನ್ನು ಕೆದಕಿ ಪ್ರಯೋಜನವಿಲ್ಲ, ಸುಮ್ಮನೆ ಕೂತು ನೋಡಬೇಕು ಎಂದುಕೊಂಡು, ಲೈನಕ್ಕ ಬೆಳಿಗ್ಗೆಯೇ ಹೋಗಿ ಲ್ಯಾಬಿನ ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡಳು.

ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ಸೀಸೆ ಮೇಷ್ಟ್ರು ಎನ್ನುತ್ತಿದ್ದರು. ಸೀಸೆಗಳ ನಡುವೆ ಬದುಕಿ, ಬಂದ ಹೊಸಬರಿಗೆಲ್ಲ ಪಾಠ ಹೇಳಿ ಗಳಿಸಿದ ಹೆಸರದು. ಅವರ ಸಾಮ್ರಾಜ್ಯದಲ್ಲಿ ಎಲ್ಲಕ್ಕೂ ಒಂದು ಶಿಸ್ತು. ಲೈನಕ್ಕನ ಜಾಲ ಬರುವ ಮುಂಚಿನಿಂದಲೂ ಅಲ್ಲಿನ ಯಂತ್ರಗಳ ನಡುವೆ ಒಂದು ಪುಟ್ಟ ಜಾಲವಿತ್ತು, ಹೊರಲೋಕದ ಸಂಪರ್ಕವಿಲ್ಲದ್ದು. ಅವರಿಗೆ ಕಿರಿಕಿರಿಯಾಗದಿರಲೆಂದು ಅವಳು ಆ ಯಂತ್ರಗಳ ನಂಬರುಗಳನ್ನು ಇದ್ದಂತೆಯೇ ಉಳಿಸಿಕೊಂಡಿದ್ದಳು.

"ಏನಮ್ಮ, ನನ್ನನ್ನ ಕಾವಲು ಕಾಯೋಕೆ ಬಂದ್ಯಾ?"

"ನಿಮ್ಮನ್ನಲ್ಲ ಮೇಷ್ಟ್ರೇ, ನಿಮ್ಮ ವರದಿಗಳನ್ನ. ಎಲ್ಲಿಗೆ ಓಡಿಹೋಗ್ತಾವೆ ಅಂತ."

"ನೋಡು, ನೋಡು. ಸಿಕ್ಕಿದ್ರೆ ನನ್ನ ಕನ್ನಡಕಾನೂ ಹುಡುಕಿಕೊಡು."

ಕನ್ನಡಕ ಅವರ ತಲೆಯ ಮೇಲೆಯೇ ಇತ್ತು. ಲೈನಕ್ಕ ಬೆರಳು ತೋರಿಸಿದಳು. ಮೇಷ್ಟ್ರು ಅದನ್ನು ಮೂಗಿಗೆ ಇಳಿಸಿಕೊಂಡು ಗಂಭೀರರಾದರು.

ಬೆಳಗಿನ ಸರದಿ ತೊಂದರೆಯಿಲ್ಲದೆ ಸಾಗಿತು. ಬಿಸಿಲು ಮೇಜಿನ ಅಂಚು ಮುಟ್ಟಿದ ಹೊತ್ತಿಗೆ ಒಂದು ಅಪರೂಪದ ಪರೀಕ್ಷೆಯ ಸೀಸೆ ಬಂತು. ಮೇಷ್ಟ್ರು ಮೂಲೆಗೆ ಹೋಗಿ, ಹೂವಿನ ಚಿತ್ರದ ಬಟ್ಟೆಯೊಂದನ್ನು ಮೆಲ್ಲಗೆ ಎತ್ತಿ, ಮಡಿಸಿ, ಗೋಡೆಯ ಮೊಳೆಗೆ ನೇತುಹಾಕಿದರು. ಕೆಳಗಿದ್ದದ್ದು ಒಂದು ಹಳೆಯ ಯಂತ್ರ. ಗುಂಡಿ ಒತ್ತಿದಾಗ ಅದು ಗಂಟಲು ಸರಿಮಾಡಿಕೊಂಡಂತೆ ಗೊರಗೊರ ಎಂದು ಎದ್ದಿತು. ತುಸು ಹೊತ್ತಿಗೆಲ್ಲ ಅತ್ತ ವಾರ್ಡಿನಿಂದ ಫೋನು: ವರದಿ ಬರುತ್ತಿಲ್ಲ. ಪರೀಕ್ಷೆ ಮುಗಿಯಿತು, ಯಂತ್ರ ಆರಿತು, ಬಟ್ಟೆ ಮತ್ತೆ ಯಂತ್ರದ ಮೈಮೇಲೆ ಬಂತು, ವರದಿಗಳೂ ಹೋಗತೊಡಗಿದವು.

ಲೈನಕ್ಕನಿಗೆ ಥಟ್ಟನೆ ನೆನಪಾಯಿತು. ಜಾಲ ಹೆಣೆಯುವ ಮುನ್ನ ಇಲ್ಲಿನ ಯಂತ್ರಗಳ ಸಮೀಕ್ಷೆಗೆ ಬಂದ ದಿನ ಮೇಷ್ಟ್ರು ರಜೆಯಲ್ಲಿದ್ದರು. ಅವಳು ಪ್ರತಿಯೊಂದು ನಂಬರನ್ನೂ "ಇದ್ದೀರಾ?" ಎಂದು ಕಂಪ್ಯೂಟರಿನಿಂದ ಕೂಗಿ ನೋಡಿದ್ದಳು. ಒಂದನೇ ನಂಬರಿನಿಂದ ಉತ್ತರ ಬಂದಿರಲಿಲ್ಲ. ಖಾಲಿಯಿದೆ ಎಂದುಕೊಂಡಿದ್ದಳು. ಅಂದು ಅದೇ ಹೂವಿನ ಬಟ್ಟೆಯನ್ನು ಯಾವುದೋ ಪೆಟ್ಟಿಗೆಯ ಹೊದಿಕೆಯೆಂದು ತಿಳಿದು, ಅದರ ಮೇಲೆ ತನ್ನ ಕೈಚೀಲವನ್ನೂ ಇಟ್ಟಿದ್ದಳು.

"ಮೇಷ್ಟ್ರೇ, ಆ ಹೊದಿಕೆ ಯಾವಾಗ ತೆಗೀತೀರಿ?"

"ಅಜ್ಜಂದಾ? ಕೆಲಸ ಬಂದಾಗ. ವಯಸ್ಸಾದೋರನ್ನ ಸುಮ್ಮಸುಮ್ಮನೆ ಎಬ್ಬಿಸ್ಬಾರದಲ್ಲ. ಬಟ್ಟೆ ನಮ್ಮ ಮನೆಯೋಳು ಹೊಲಿದಿದ್ದು."

"ಅವರಿಗೂ ನಂಬರಿದೆಯಾ?"

ಮೇಷ್ಟ್ರಿಗೆ ಮುಖಕ್ಕೆ ಹೊಡೆದಂತಾಯಿತು. "ಏನು ಮಾತಮ್ಮ ಇದು! ನಂಬರು ಕೊಡೋಕೆ ಶುರು ಮಾಡಿದ್ದೇ ಅವರಿಂದ. ಬಂದ ವರ್ಷದ ಪ್ರಕಾರ. ಅಜ್ಜ ಒಂದು. ಆ ಕಿಟಕಿ ಹತ್ರ ಇರೋಳು ಎರಡು. ಹೀಗೆ. ಮೊನ್ನೆ ಮೊನ್ನೆ ಬಂದೋರೆಲ್ಲ ಆಮೇಲೆ. ಅಜ್ಜನಿಗೆ ಒಂದಲ್ದೆ ಇನ್ನೇನು ಕೊಡ್ತಾರೆ?"

ಲೈನಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆಗೇ ಕಣ್ಣೂ ಒದ್ದೆಯಾಯಿತು. "ಅಜ್ಜ ಮಲಗಿದ್ದಾಗ ಅವರ ಜಾಗದಲ್ಲಿ ನನ್ನ ಗೇಟ್‌ವೇನ ತಂದು ಕೂರಿಸಿದೀನಿ, ಮೇಷ್ಟ್ರೇ."

ಅವಳು ವಿವರಿಸಿದಳು. ಲ್ಯಾಬಿನ ಕಂಪ್ಯೂಟರುಗಳಿಗೆ ಹೊರಗೆ ಕಳಿಸುವುದೆಲ್ಲವನ್ನೂ ಒಂದನೇ ನಂಬರಿನವರ ಕೈಗೆ ಕೊಡಿ ಎಂದು ಹೇಳಿದ್ದಾಗಿದೆ. ಅಜ್ಜ ಎದ್ದ ಕೂಡಲೇ ಒಂದನೇ ನಂಬರಿನವರು ಇಬ್ಬರಾಗುತ್ತಾರೆ. ಕೆಲವು ವರದಿಗಳು ಅಜ್ಜನ ಕೈ ಸೇರುತ್ತವೆ. ಅಜ್ಜನಿಗೆ ದಾರಿಯ ವಿಚಾರ ಏನು ಗೊತ್ತು? ಕೊಟ್ಟದ್ದನ್ನು ಅಲ್ಲೇ ಬಿಟ್ಟುಬಿಡುತ್ತಾರೆ.

ಮೇಷ್ಟ್ರು ಮೂಲೆಗೆ ಹೋಗಿ ಅಜ್ಜನ ಹೊದಿಕೆಯನ್ನು ಸರಿಮಾಡಿದರು. "ಹಾಗಿದ್ರೆ ಅಜ್ಜನ ನಂಬರು ಬದಲಾಯಿಸಿಬಿಡಮ್ಮ. ಒಂದು ಸಲ ಅವರ ಒಳಗಿನ ಲೆಕ್ಕಾಚಾರಕ್ಕೆ ಕೈ ಹಾಕಿದ್ದಕ್ಕೆ, ಸರಿಯಾದ ಅಳತೆ ಹೇಳೋಕೆ ಎಷ್ಟೋ ವಾರ ತಗೊಂಡ್ರು. ಆದ್ರೂ ಪರವಾಗಿಲ್ಲ. ನಿನ್ನ ಕೆಲಸ ಉಳೀಬೇಕಲ್ಲ."

ಮನೆಯ ಹಿರಿಯರನ್ನು ಅವರ ಕುರ್ಚಿಯಿಂದ ಎಬ್ಬಿಸಲು ಒಪ್ಪಿಗೆ ಕೊಟ್ಟಂತಿತ್ತು ಆ ದನಿ. ಲೈನಕ್ಕ ಮನಸ್ಸಿನಲ್ಲೇ ನಕ್ಷೆಯನ್ನು ಬಿಡಿಸಿ ನೋಡಿದಳು. ಮೂರು ಕೇರಿ, ಮೂರು ಬಾಗಿಲು, ಮೂರಕ್ಕೂ ಒಂದೇ ನಂಬರು. ಆ ಅಂದವನ್ನು ಅವಳು ತುಂಬ ಮೆಚ್ಚಿಕೊಂಡಿದ್ದಳು. ಆದರೆ ಬಾಗಿಲು ಕಾಯುವವನು ಮನೆಯ ಯಜಮಾನನ ಜಾಗದಲ್ಲೇ ಕೂರಬೇಕೆಂದು ಎಲ್ಲಿಯೂ ನಿಯಮವಿರಲಿಲ್ಲ. ಯಾವ ನಂಬರಿನಲ್ಲಿದ್ದರೂ ಅವನು ದಾರಿ ತೋರಿಸುತ್ತಾನೆ.

"ಬೇಡ ಮೇಷ್ಟ್ರೇ. ಅಜ್ಜ ಇದ್ದಲ್ಲೇ ಇರಲಿ. ಗೇಟ್‌ವೇನ ಕಟ್ಟಕಡೆಯ ನಂಬರಿಗೆ ಕಳಿಸ್ತೀನಿ, ಇನ್ನೂರ ಐವತ್ತನಾಲ್ಕಕ್ಕೆ. ಅಲ್ಲಿಗೆ ನಿಮ್ಮೋರು ಯಾರೂ ಸದ್ಯಕ್ಕೆ ಬರಲ್ಲ ತಾನೆ?"

"ಅಷ್ಟೊಂದು ಯಂತ್ರ ಬಂದ್ರೆ ನಾನೇ ಹೊರಗೆ ನಿಲ್ಲಬೇಕಾಗತ್ತೆ" ಎಂದರು ಮೇಷ್ಟ್ರು. ಮುಖ ಅರಳಿತ್ತು.

ಮಧ್ಯಾಹ್ನವೆಲ್ಲ ಅದೇ ಕೆಲಸ. ಲ್ಯಾಬಿನ ಪ್ರತಿ ಯಂತ್ರಕ್ಕೂ ಬಾಗಿಲಿನ ಹೊಸ ನಂಬರು ತಿಳಿಸಬೇಕಿತ್ತು. ಮೇಷ್ಟ್ರು ಒಂದೊಂದರ ಮುಂದೆಯೂ ನಿಂತು ಅದರ ಗುಣಸ್ವಭಾವ ಹೇಳುವರು, ಲೈನಕ್ಕ ನಂಬರು ಒತ್ತುವಳು. ಆಮೇಲೆ ಇಬ್ಬರೂ ಒಟ್ಟಿಗೆ ಆಡಳಿತಾಧಿಕಾರಿಗಳ ಕೋಣೆಗೆ ಹೋದರು.

"ತಪ್ಪು ಯಾರದಾಗಿತ್ತು?" ಎಂದು ಅವರು ಕೇಳಿದರು.

"ನಂದು ಸಾರ್. ನಾನು ಕೇಳದೇನೇ ಖಾಲಿ ಅಂದ್ಕೊಂಡೆ."

"ಇಲ್ಲ, ನಂದು. ನಾನು ಅಜ್ಜನ್ನ ಪರಿಚಯ ಮಾಡಿಸಿರಲಿಲ್ಲ."

"ರಜೆಯಲ್ಲಿದ್ದೋರು ಹೇಗೆ ಮೇಷ್ಟ್ರೇ ಪರಿಚಯ ಮಾಡಿಸ್ತೀರಿ?"

"ವಾಪಸ್ ಬಂದ್ಮೇಲಾದ್ರೂ ಮಾಡಿಸಬಹುದಿತ್ತಲ್ಲಮ್ಮ!"

ಆಡಳಿತಾಧಿಕಾರಿ ಎರಡೂ ಕೈ ಎತ್ತಿದರು. "ಆಯ್ತು, ಅರ್ಧ ಅರ್ಧ ಹಂಚ್ಕೊಳ್ಳಿ. ನಾಳೆ ಬೆಳಿಗ್ಗೆ ಸರದಿ ಜೋರಾಗಿರೋವಾಗ ಆ ನಿಮ್ಮ ಅಜ್ಜನ್ನ ಎಬ್ಬಿಸಿ. ವರದಿ ಎಲ್ಲಾ ಬಂದ್ರೆ ಕಂಪನಿಯವರಿಗೆ ಬೇಡ ಅಂತ ಹೇಳ್ತೀನಿ. ಒಂದು ತಪ್ಪಿದ್ರೂ ಬನ್ನಿ ಅಂತೀನಿ."

ಆ ಸಂಜೆ ಲೈನಕ್ಕ ಮತ್ತೆ ಊಟದ ಮೇಜಿನ ಮೇಲೆ ಹಾಳೆ ಹರಡಿದಳು. ಲ್ಯಾಬಿನ ಬಾಗಿಲಲ್ಲಿದ್ದ ಒಂದನ್ನು ಅಳಿಸಿ ಹೊಸ ನಂಬರು ಬರೆದಳು. ನಕ್ಷೆ ತುಸು ಸೊಟ್ಟಗಾದಂತೆ ಕಂಡಿತು. ಅತ್ತೆ ಲೋಟಗಳನ್ನು ಇಡುತ್ತ, "ಮೊದಲಿನದೇ ಚೆನ್ನಾಗಿತ್ತಲ್ಲೇ" ಎಂದರು.

"ಚೆನ್ನಾಗಿತ್ತು ಅತ್ತೆ. ಅಲ್ಲಿ ಒಬ್ರು ಮೊದಲೇ ಕೂತಿದ್ರು, ನಾನು ನೋಡಿರಲಿಲ್ಲ."

"ಹಾಗಿದ್ರೆ ಇದೇ ಇರಲಿ ಬಿಡು" ಎಂದು ಅತ್ತೆ ತಟ್ಟೆ ತರಲು ಹೋದರು.

ಮರುದಿನ ಬೆಳಿಗ್ಗೆ ಅವಳು ಸರ್ವರ್ ಕೋಣೆಯಲ್ಲಿ, ಒಂದು ಕಾಲದಲ್ಲಿ ತನ್ನ ಬೋರ್ಡಿದ್ದ ಗೋಡೆಗೆ ಮುಖಮಾಡಿ ಕೂತಳು. ಗೋಡೆಯ ಮೇಲೆ ಬೋರ್ಡಿನ ಅಗಲದ ಬಣ್ಣ ಮಾತ್ರ ಇನ್ನೂ ತಿಳಿಯಾಗಿತ್ತು. ಮೇಷ್ಟ್ರು ಫೋನಿನಲ್ಲಿ "ಅಜ್ಜ ಎದ್ರು" ಎಂದಷ್ಟೇ ಹೇಳಿ ಇಟ್ಟರು. ಲೈನಕ್ಕ ಪರದೆ ನೋಡಲಿಲ್ಲ. ವಾರ್ಡಿನವರ ಮಾತು ಬರಲಿ ಎಂದು ಫೋನಿನ ಮೇಲೆ ಕೈಯಿಟ್ಟುಕೊಂಡು ಕಾದಳು.

ಅದು ಕೊನೆಗೂ ರಿಂಗಣಿಸಿತು. ಹಿರಿಯ ನರ್ಸು ಉಸಿರು ಬಿಡದೆ ಮಾತಾಡಿದರು: "ಎಲ್ಲಾ ಬಂತು ಲೈನಕ್ಕ, ಒಂದೂ ಬಿಟ್ಟಿಲ್ಲ, ನಿಮ್ಮ ಆ ಮೂಲೆ ಅಜ್ಜಂದೂ ಬಂತು. ಸಾಹೇಬ್ರು ಇಲ್ಲೇ ನಿಂತು ನೋಡ್ತಿದಾರೆ, ಕಂಪನಿಯವರಿಗೆ ಈಗ್ಲೇ ಹೇಳ್ತೀನಿ ಅಂದ್ರು. ನಮ್ಮ ಆಯಾ ಇನ್ನು ನಾನು ಯಾವ ರಸ್ತೆ ದಾಟಲಿ ಅಂತ ಕೇಳ್ತಿದಾಳೆ. ಕೇಳಿಸ್ತಿದೆಯೇನ್ರೀ? ಏನಾದ್ರೂ ಮಾತಾಡ್ರೀ!"

ಲೈನಕ್ಕ ಅವರ ಮಾತು ಪೂರ್ತಿ ಮುಗಿಯಲೆಂದು ಕಾದಳು. ಆಮೇಲೆ ತನ್ನ ಹಳೆಯ ದನಿಯಲ್ಲಿ ಕೇಳಿದಳು:

"ಇನ್ನು ಯಾರು ಬೇಕು?"