ಬಸವರಾಜರ ಪಾಲಿಗೆ ಬಂದ ಹೊಣೆ

ಗದಗಿನ ಬಸವರಾಜರು ಬ್ಯಾಂಕಿನ ವರ್ಗಾವಣೆಯ ಮೇಲೆ ವಡೋದರೆಗೆ ಬಂದಾಗ ಬೇಗ ಊರಿಗೆ ಮರಳುವ ಆಸೆಯಲ್ಲಿದ್ದರು. ಆದರೆ ಅವರ ಹೆಂಡತಿ ಇಂದುಮತಿಗೆ ಈ ಊರು ಹಿಡಿಸಿಬಿಟ್ಟಿತು. ಮಕರಪುರದ ತರಕಾರಿಯವರ ಜೊತೆ ಗುಜರಾತಿಯಲ್ಲೇ ಚೌಕಾಸಿ ಮಾಡುತ್ತಿದ್ದಳು, ನವರಾತ್ರಿ ಬಂದರೆ ಓಣಿಯ ಹೆಂಗಸರೊಡನೆ ಗರಬಾ ಕುಣಿಯಲು ನಿಲ್ಲುತ್ತಿದ್ದಳು. ಮಗಳು ವಿಂಧ್ಯಾ ಇಲ್ಲೇ ಹುಟ್ಟಿ ಬೆಳೆದಳು. ನಿವೃತ್ತಿಯಾದ ಮೇಲೆ ಗಂಡ ಊರಿನ ಮಾತು ತೆಗೆದರೆ ಇಂದುಮತಿ, "ನೀವ್ ಹೋಗ್ರಿ, ನಾ ಇಲ್ಲೇ ಇರ್ತೀನಿ," ಎಂದು ನಗುತ್ತಿದ್ದಳು.

ಒಂದು ಶ್ರಾವಣದ ಸಂಜೆ ಗೆಳೆಯರೊಬ್ಬರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಇಬ್ಬರೂ ಸ್ಕೂಟರಿನಲ್ಲಿ ಹತ್ತಿರದ ಸಣ್ಣ ಪಟ್ಟಣಕ್ಕೆ ಹೊರಟರು. ಅಲ್ಲಿಯ ಪುರಸಭೆ ಚರಂಡಿಗಾಗಿ ರಸ್ತೆ ಅಗೆಸಿತ್ತು. ಗುತ್ತಿಗೆದಾರ ಅದರ ಸುತ್ತ ಒಂದು ಹಗ್ಗವನ್ನೂ ಕಟ್ಟಿಸಿರಲಿಲ್ಲ. ಮಳೆನೀರು ಗುಂಡಿ ತುಂಬಿ ರಸ್ತೆಯ ಮಟ್ಟಕ್ಕೇ ನಿಂತಿತ್ತು. ಸ್ಕೂಟರು ಅದರೊಳಗೆ ಮುಗ್ಗರಿಸಿತು. ಬಸವರಾಜರ ಭುಜ ಮುರಿಯಿತು. ಇಂದುಮತಿಯ ತಲೆ ಅಲ್ಲಿ ಬಿದ್ದಿದ್ದ ಸಿಮೆಂಟಿನ ಪೈಪಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ನಿಮ್ದೇನೂ ತಪ್ಪಿಲ್ರೀ." ಬಸವರಾಜರು ಅಳಲಿಲ್ಲ. ಗೋಡೆಗೆ ಇಂದುಮತಿಯ ಫೋಟೋ ಹಾಕೋಣವೆಂದು ಮಗಳು ಕೇಳಿದಾಗ ಎದ್ದು ಒಳಗೆ ಹೋದರು.

ದಾವೆ ಹೂಡಬೇಕೆಂದು ಹಟ ಹಿಡಿದವಳು ವಿಂಧ್ಯಾ. ಸಿಟ್ಟಿನ ಭರದಲ್ಲಿ ಪುರಸಭೆಯ ಅಧ್ಯಕ್ಷರ ಮನೆಗೇ ಒಂದು ನೋಟಿಸು ಕಳಿಸಿದಳು. ಅದು ಹಾಗೇ ವಾಪಸು ಬಂತು. ಆಗ ವಡೋದರೆಯ ಅಲ್ಕಾಪುರಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ನೇಹಾ ಎಂಬ ವಕೀಲೆಯ ಬಳಿ ಹೋದರು.

"ಪುರಸಭೆ ಅಂದರೆ ಅಧ್ಯಕ್ಷರಲ್ಲ ಅಂಕಲ್," ನೇಹಾ ಹಿಂದಿಯಲ್ಲಿ ವಿವರಿಸಿದಳು. "ನೋಟಿಸು ಪುರಸಭೆಯ ಹೆಸರಿಗೆ, ಮುಖ್ಯಾಧಿಕಾರಿಯ ಕಚೇರಿಗೆ ಮುಟ್ಟಬೇಕು. ಉತ್ತರ ಕೊಡಲು ಅವರಿಗೆ ಕಾಲಾವಕಾಶ ಇರುತ್ತದೆ. ಅದು ಮುಗಿದ ಮೇಲೆಯೇ ದಾವೆ. ಹಾಗಂತ ನಾವು ತಡ ಮಾಡುವ ಹಾಗೂ ಇಲ್ಲ, ಅದಕ್ಕೂ ಗಡುವಿದೆ."

ಬಸವರಾಜರು ತಾವೇ ನೋಟಿಸು ಹಿಡಿದು ಪುರಸಭೆಗೆ ಹೋದರು. ಪತ್ರಗಳನ್ನು ಬರಮಾಡಿಕೊಳ್ಳುವ ಆವಕ-ಜಾವಕದ ಮೇಜಿನವನು ಓದಿ ನೋಡಿ, ಆ ರಸ್ತೆ ನಮ್ಮದಲ್ಲ, ರಸ್ತೆ ಇಲಾಖೆಯದು ಎಂದ. ಇಲಾಖೆಯವರು ಅಗೆದದ್ದು ಪುರಸಭೆ ಎಂದರು. ಗುತ್ತಿಗೆದಾರ, ಹಗ್ಗ ಕಟ್ಟಲು ನನಗೆ ಯಾರೂ ಹೇಳಿರಲಿಲ್ಲ ಎಂದ. ಸತ್ತವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ನೇಹಾ ನೋಂದಾಯಿತ ಅಂಚೆಯಲ್ಲಿ ಎಲ್ಲರಿಗೂ ನೋಟಿಸು ಮುಟ್ಟಿಸಿ ದಾವೆ ಹೂಡಿದಳು.

ವರ್ಷಗಳು ಉರುಳಿದವು. ವಿಂಧ್ಯಾಳಿಗೆ ಸೂರತ್ತಿನ ವರಾಛಾದಲ್ಲಿ ವಜ್ರದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಕೋರ್ಟಿನ ತಾರೀಖು ಬಂದಾಗ ರೈಲು ಹತ್ತಿ ಬರುತ್ತಿದ್ದಳು. ಕಡೆಗೊಂದು ದಿನ ಬಸವರಾಜರು ಸಾಕ್ಷಿಕಟ್ಟೆ ಹತ್ತಿದರು.

ಪುರಸಭೆಯ ವಕೀಲರು ವಯಸ್ಸಾದವರು, ಮೆಲುದನಿಯವರು. "ಗುಂಡಿಗೆ ಬೀಳುವ ಮುಂಚೆ ನೀವು ರಸ್ತೆಯನ್ನೇ ನೋಡುತ್ತಿದ್ದಿರಾ?"

ಹೌದು ಎನ್ನಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೌದೆನ್ನುತ್ತಾರೆಂದು ಎಲ್ಲರೂ ನಂಬಿದ್ದರು. ಅವರು ಬಿದ್ದದ್ದನ್ನು ನೋಡಿದವರೂ ಯಾರೂ ಇರಲಿಲ್ಲ.

"ಇಲ್ಲ," ಎಂದರು ಬಸವರಾಜರು. "ಅವಳು ಹಿಂದಿನಿಂದ ಏನೋ ಅಂದಳು. ಗಾಳಿಗೆ ಕೇಳಿಸಲಿಲ್ಲ. ಏನಂದಿ ಅಂತ ನಾನು ತಿರುಗಿದೆ."

ನೇಹಾ ಕಣ್ಣು ಮುಚ್ಚಿದಳು. ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ, "ನಿಮ್ಮ ಹೆಂಡತಿ ಏನು ಹೇಳಿದ್ದರು?" ಎಂದು ಕೇಳಿದರು.

"ಗೊತ್ತಿಲ್ಲ ಸಾಹೇಬರೇ. ಮತ್ತೆ ಹೇಳಲಿಲ್ಲ."

ತೀರ್ಪು ಬಂತು. ಪುರಸಭೆ ಮತ್ತು ಗುತ್ತಿಗೆದಾರ ಜಂಟಿಯಾಗಿ ಹೊಣೆ. ಮಗಳ ಪಾಲಿನ ಪರಿಹಾರದಲ್ಲಿ ಕಡಿತವಿಲ್ಲ. ಆದರೆ ಹಿಂತಿರುಗಿ ನೋಡಿದ್ದರಿಂದ ತಪ್ಪಿನಲ್ಲಿ ಐದರಲ್ಲೊಂದು ಪಾಲು ಗಂಡನದು, ಅವರ ಪರಿಹಾರ ಅಷ್ಟಕ್ಕೆ ಕಡಿಮೆ.

"ಮೇಲ್ಮನವಿ ಹಾಕೋಣ ಅಂಕಲ್, ಇದು ಅನ್ಯಾಯ," ಎಂದಳು ನೇಹಾ.

"ಬೇಡಮ್ಮಾ. ಸರಿಯಾಗೇ ಇದೆ."

ಮನೆಗೆ ಬಂದ ಕೂಡಲೇ ವಿಂಧ್ಯಾ ತನ್ನ ಅರೆಬರೆ ಕನ್ನಡದಲ್ಲಿ ಸಿಡಿದಳು. "ಯಾಕ್ ಹೇಳಿದ್ರಿ ಪಪ್ಪಾ? ಯಾರೂ ನೋಡಿಲ್ಲಲ್ಲಾ! ಈಗ ಕೋರ್ಟ್ ಪೇಪರ್‌ದಾಗ ಬಂತು, ಮಮ್ಮಿ ನಿಮ್ಮಿಂದ..."

ಬಸವರಾಜರು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತರು.

"ಎಲ್ಲಾರೂ ನಿಮ್ದೇನೂ ತಪ್ಪಿಲ್ಲ ಅಂದ್ರವ್ವಾ. ಹಂಗ ಅಂದಾಗೆಲ್ಲಾ ನನ್ನ ಬಾಯಿ ಕಟ್ಟಿ ಹಾಕಿದಂಗ ಆಗ್ತಿತ್ತು. ನಂದೂ ಐತಿ ಅಂತ ಯಾರ ಮುಂದ ಹೇಳ್ಲಿ? ನಿನ್ನ ಮುಂದ ಹೇಳಾಕ ಅಂಜಿಕಿ. ಆ ಸಾಹೇಬ ಒಬ್ಬಾಂವ ಕೇಳ್ದ. ಪೂರಾ ನಂದ ಅನ್ನಲಿಲ್ಲ, ಏನೂ ಇಲ್ಲ ಅಂತನೂ ಅನ್ನಲಿಲ್ಲ. ಇಷ್ಟು ನಂದು ಅಂದ. ಇಷ್ಟು ಹೊರಬಲ್ಲೆ ನಾ."

ಹಾಗೆಂದವರೇ ಮುಖ ಮುಚ್ಚಿಕೊಂಡರು. ಅಂದಿನವರೆಗೆ ಅಳದಿದ್ದ ಮನುಷ್ಯ ಭುಜ ಅಲುಗುವಂತೆ ಅತ್ತರು. ವಿಂಧ್ಯಾ ನೆಲದ ಮೇಲೆ ಕುಳಿತು, ತಂದೆಯ ಮೊಣಕಾಲಿಗೆ ತಲೆಯಾನಿಸಿ ಅತ್ತಳು.

ಪುರಸಭೆ ಮೇಲ್ಮನವಿ ಹಾಕಿತು. ಹೊಣೆಯೆಲ್ಲ ಗುತ್ತಿಗೆದಾರನದೇ ಎಂಬುದು ಅದರ ವಾದ. ಅಹಮದಾಬಾದಿನ ಹೈಕೋರ್ಟಿನಲ್ಲಿ ಆ ಪ್ರಕರಣ ಇನ್ನೂ ನಡೆದಿದೆ. ಬಸವರಾಜರು ಅದರ ಬಗ್ಗೆ ವಿಚಾರಿಸುವುದಿಲ್ಲ. ತೀರ್ಪು ಬಂದ ಮರು ಭಾನುವಾರ ವಿಂಧ್ಯಾ ಸೂರತ್ತಿನಿಂದ ಬಂದಾಗ, ಇಬ್ಬರೂ ಸೇರಿ ಇಂದುಮತಿಯ ಫೋಟೋಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕುಳಿತರು. ಗರಬಾದ ಸೀರೆಯಲ್ಲಿ ಬೆವೆತು ನಗುತ್ತಿದ್ದ ಒಂದನ್ನು ಬಸವರಾಜರು ಎತ್ತಿಕೊಂಡರು.

"ಇದನ್ನ ಹಾಕೂಣು," ಎಂದರು.