ಗಿರಿಜವ್ವ ಕೊಟ್ಟ ರಕ್ತ

ಚಿಕ್ಕೋಡಿ ಕೋರ್ಟಿನ ಹಿಂದಿನ ಓಣಿಯಲ್ಲಿ ಗಿರಿಜವ್ವನ ಖಾನಾವಳಿ. ವಯಸ್ಸು ನಲವತ್ತೇಳು, ಮೊಣಕಾಲು ನೋವು ಬೇರೆ. ಆದರೂ ಆಕೆ ಕೂತದ್ದನ್ನು ಕಂಡವರಿಲ್ಲ. ರೊಟ್ಟಿ ಬಡಿಯಲು ಬರುತ್ತಿದ್ದ ದೀಪಾಲಿ ಎರಡು ವರ್ಷದ ಮಗಳು ಶ್ರಾವಣಿಯನ್ನೂ ಕರೆತರುತ್ತಿದ್ದಳು.

ಒಂದು ಮಧ್ಯಾಹ್ನ ಗಿರಾಕಿಗಳ ಗದ್ದಲದಲ್ಲಿ ಗಿರಿಜವ್ವ ಕುದಿಯುವ ಆಮಟಿ ಸಾರಿನ ಪಾತೇಲಿಯನ್ನು ನೆಲಕ್ಕಿಳಿಸಿ, ತಾಟು ತರಲು ತಿರುಗಿದಳು. ಮಗು ಅದರ ಅಂಚು ಹಿಡಿದು ಎಳೆಯಿತು. ಎದೆಯೂ ಎಡಗೈಯೂ ಸುಟ್ಟವು.

ಬೆಳಗಾವಿಯ ಆಸ್ಪತ್ರೆಯಲ್ಲಿ ಹತ್ತು ದಿನ ಕಳೆದರೂ ಕೈಯ ಗಾಯ ಮಾಯಲಿಲ್ಲ. ಡಾಕ್ಟರು ದೀಪಾಲಿಯನ್ನು ಕರೆದರು.

“ರಕ್ತದಾಗಿನ ಪ್ಲೇಟ್‌ಲೆಟ್ ಬ್ಯಾರೆ ಮಾಡಿ, ಜೆಲ್ ಮಾಡಿ ಗಾಯಕ್ಕ ಹಚ್ಚತೀವಿ. ಹೊಸಾ ಚರ್ಮ ಬೆಳ್ಯಾಕ ಅನುಕೂಲ ಆಗಬಹುದು. ಖಾತ್ರಿ ಹೇಳಾಕ ಬರೂದಿಲ್ಲ. ಇಷ್ಟ ಸಣ್ಣ ಕೂಸಿಂದ ಅಷ್ಟ ರಕ್ತ ತಗಿಯಾಕ ಆಗಂಗಿಲ್ಲ, ಹೊಂದೂವಂಥವರು ಯಾರರೆ ಕೊಡಬೇಕು.”

ದೀಪಾಲಿಗೇ ರಕ್ತ ಕಡಿಮೆ. ಗಂಡ ನಿಲೇಶ ಅಥಣಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಮೇಲಿದ್ದ. ಜೊತೆಗೆ ಬಂದಿದ್ದ ಗಿರಿಜವ್ವನ ರಕ್ತ ಹೊಂದಿತು. ದೀಪಾಲಿ ಅವಳತ್ತ ನೋಡಲೂ ಇಲ್ಲ. ಗಿರಿಜವ್ವನೇ ಮುಂದೆ ಬಂದು ತೋಳು ಚಾಚಿದಳು.

“ಮೂರು ದಿನದಾಗ ನೋವಿನ ಗುಳಿಗಿ ಏನರೆ ತಗೊಂಡೀರೇನ್ರಿ?” ರಕ್ತ ತೆಗೆಯುವ ಹುಡುಗಿ ಕೇಳಿದಳು.

ಮೊಣಕಾಲು ನೋವಿಗೆಂದು ಗಿರಿಜವ್ವ ಬೆಳಿಗ್ಗೆಯಷ್ಟೇ ನುಂಗಿದ್ದಳು. ಹೌದೆಂದರೆ ವಾಪಸು ಕಳಿಸಿಯಾರೆಂಬ ಅಂಜಿಕೆ. “ಇಲ್ಲವ್ವ” ಅಂದಳು.

ರಕ್ತ ಕೊಟ್ಟು ಎದ್ದವಳು ಸುಮ್ಮನೆ ಹೋಗಲಿಲ್ಲ. “ಗುಳಿಗಿ ಯಾಕ ಕೇಳಿದಿ?”

“ಕೆಲವು ಗುಳಿಗಿ ತಗೊಂಡ್ರ ಪ್ಲೇಟ್‌ಲೆಟ್ ಸರಿ ಕೆಲಸ ಮಾಡೂದಿಲ್ರಿ.”

ಗಿರಿಜವ್ವ ಹೊರಗೆ ಬಂದಳು. ಚಹಾ ತೆಗೆದುಕೊಂಡಳು, ಕುಡಿಯಲಿಲ್ಲ. ವಾರ್ಡಿನ ಬಾಗಿಲವರೆಗೆ ಹೋಗಿ ತಿರುಗಿದಳು. ಬಸ್‌ಸ್ಟ್ಯಾಂಡಿಗೆ ಹೋಗಿ ಚಿಕ್ಕೋಡಿ ಬಸ್ಸಿನಲ್ಲಿ ಕೂತಳು. ಕಂಡಕ್ಟರ್ ಟಿಕೆಟ್ ಅಂದಾಗ ಆಕೆ ಸೀಟು ಬಿಟ್ಟು ಎದ್ದಳು. ಇಳಿದಳು. ಕಾಲು ಎಳೆದುಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು.

“ಸುಳ್ಳ ಹೇಳೇನ್ರಿ,” ಅಂದಳು ಡಾಕ್ಟರಿಗೆ. “ಮುಂಜಾನಿ ಗುಳಿಗಿ ತಗೊಂಡಿದ್ದೆ. ನನ್ನ ರಕ್ತ ಆ ಕೂಸಿಗೆ ಹಚ್ಚಬ್ಯಾಡ್ರಿ.”

ಡಾಕ್ಟರು ಬೈದರು. ಆಕೆಯ ರಕ್ತವನ್ನು ಪಕ್ಕಕ್ಕಿಡಿಸಿದರು. ಬಾಗಿಲಲ್ಲಿ ನಿಂತಿದ್ದ ದೀಪಾಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಿರುಗಿ ಮಗುವಿದ್ದ ವಾರ್ಡಿಗೆ ಹೋದಳು.

ಮರುದಿನ ನಿಲೇಶ ಬಂದು ರಕ್ತ ಕೊಟ್ಟ. ಜೆಲ್ ಹಚ್ಚಿ ಪಟ್ಟಿ ಕಟ್ಟಿದರು, ಕೆಲ ದಿನ ಬಿಟ್ಟು ಮತ್ತೊಮ್ಮೆ. ಮೂರು ವಾರದಲ್ಲಿ ಅಂಚಿನಿಂದ ಎಳೆ ಚರ್ಮ ಬಂತು. ಎರಡು ಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ದಿನಾ ಎಣ್ಣೆ ಹಚ್ಚಿ ತಿಕ್ಕಿರಿ ಎಂದು ಹೇಳಿ ಮನೆಗೆ ಕಳಿಸಿದರು.

ದೀಪಾಲಿ ಖಾನಾವಳಿಗೆ ಬರಲಿಲ್ಲ. ಗಿರಿಜವ್ವನೇ ಕೊಬ್ಬರಿ ಎಣ್ಣೆ ಹಿಡಿದು ಅವಳ ಮನೆಗೆ ಹೋದಳು.

“ಸಿಟ್ಟ ಇನ್ನೂ ಐತಿ ಅಕ್ಕಾ,” ಅಂದಳು ದೀಪಾಲಿ. “ಹೊಳ್ಳಿ ಬಂದು ಖರೇ ಹೇಳಿದೆಲ್ಲ, ಅದಕ್ಕ ಮಾತಾಡಾಕತ್ತೇನಿ. ಒಳಗ ಬಾ.”

ಶ್ರಾವಣಿ ಆಕೆಯನ್ನು ಕಂಡು ಅತ್ತಿತು. ಮರುವಾರವೂ ಅತ್ತಿತು. ಈಗ ಅಮ್ಮನ ಸೆರಗಿನ ಮರೆಯಿಂದ ಎಡಗೈ ಮಾತ್ರ ಹೊರಚಾಚುತ್ತದೆ, ಮುಖ ತೋರಿಸುವುದಿಲ್ಲ. ಗಿರಿಜವ್ವ ನೆಲದ ಮೇಲೆ ಕೂತು ಒಂದೊಂದೇ ಬೆರಳು ತಿಕ್ಕುತ್ತಾಳೆ.