ಗಾಲಿಗೆ ಹರಳೆಣ್ಣೆ

ವಿಮಲ ಸಿಟ್ಟು ಬಂದರೆ ಕೂಗಾಡುವುದಿಲ್ಲ, ಕೆಲಸಕ್ಕೆ ಇಳಿಯುತ್ತಾಳೆ. ಉರಿಬಿಸಿಲಲ್ಲಿ ಅವಳು ಅಟ್ಟ ಗುಡಿಸುತ್ತಿದ್ದರೆ ಗಂಡ ಪದ್ಮರಾಜ ಏನೋ ಎಡವಟ್ಟು ಮಾಡಿದ್ದಾನೆ ಎಂದು ಬಾವಲಿ ರಸ್ತೆಯ ಜೈನರ ಮನೆಗಳಿಗೆಲ್ಲ ಗೊತ್ತಾಗುತ್ತದೆ. ಆ ಶನಿವಾರ ಅವಳು ಅಂಗಳದಲ್ಲಿ ಹಳೇ ಅಂಬಾಸಿಡರಿಗೆ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚುತ್ತಿದ್ದಳು. ಎಡವಟ್ಟು ಸಣ್ಣದಲ್ಲ ಎಂದಾಯಿತು.

ಕಾರು ಅವಳ ತವರಿನದು. ಅಪ್ಪ ಕುಟ್ಟದ ಕಡೆಯ ಕಾಫಿ ತೋಟದಲ್ಲಿ ಡ್ರೈವರ್. ಧಣಿ ಹೊಸ ಕಾರು ತಂದಾಗ ಹಳೆಯದನ್ನು ಅಪ್ಪನೇ ಕೊಂಡ, ಕಣ್ಣು ಮಂಜಾದ ಮೇಲೆ ಮಗಳಿಗೆ ಕೊಟ್ಟ. ಲಂಗ ತೊಡುವ ವಯಸ್ಸಿನಲ್ಲೇ ಅವಳು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಕೊಡುತ್ತಾ ಕೊಡುತ್ತಾ ಆ ಕಾರಿನ ಹೊಟ್ಟೆಯೊಳಗಿನದೆಲ್ಲ ಕಲಿತಿದ್ದಳು. ಗಂಡನ ಮನೆಯಲ್ಲಿ ಈ ವಿದ್ಯೆಯನ್ನು ಯಾರೂ ಹೊಗಳಲಿಲ್ಲ. ಆದರೂ ಹೊತ್ತು ಇಳಿದ ಮೇಲೆ ಆನೆಗೆ ಹೆದರಿ ಆಟೋದವರು ಈ ರಸ್ತೆಗೆ ಬರುವುದಿಲ್ಲವಾದ್ದರಿಂದ, ಗದ್ದೆಯಾಚೆಯ ಆದಿವಾಸಿ ಹಾಡಿಯಲ್ಲಿ ಯಾರಿಗೆ ಏನಾದರೂ ಅವಳ ಬಾಗಿಲಿಗೇ ಬರುತ್ತಿದ್ದರು. ಈಗ ಹಾಡಿಯ ಅಮ್ಮಾಳುವಿನ ಮಗಳು ನಿಷ ತುಂಬು ಬಸುರಿ. ನೋವು ಬಂದರೆ ಮಾನಂದವಾಡಿ ಆಸ್ಪತ್ರೆಗೆ ನಾನು ಕರೆದೊಯ್ಯುತ್ತೇನೆ ಎಂದು ವಿಮಲ ಮಾತು ಕೊಟ್ಟಿದ್ದಳು.

ಮಳೆ ನಿಂತಾಗಿನಿಂದ ಮುಂದಿನ ಚಕ್ರಗಳು ಗೊರಗುಟ್ಟುತ್ತಿದ್ದವು. ಬೇರಿಂಗ್ ಹೋಗುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು, ಯಾಕೆ ಹೋಗುತ್ತಿದೆ ಎಂದು ಮಾತ್ರ ಗೊತ್ತಾಗಲಿಲ್ಲ. "ನೀನು ಗುಂಡಿ ನೋಡದೆ ಓಡಿಸ್ತೀಯ," ಎಂದು ಪದ್ಮರಾಜ ಪ್ರತಿ ಸಲ ಹೇಳಿದ. ಅವಳು ನಂಬಿದಳು. ಎಮ್ಮೆಗಳು ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ ಓಡಿಸಿದಳು. ಹೀಗಿರುವಾಗ ಶುಕ್ರವಾರ ಅವನು ಫೋನಿನಲ್ಲಿ, "ಭಾನುವಾರ ಬೆಳಿಗ್ಗೆ ಬಂದು ಎಳ್ಕೊಂಡು ಹೋಗಿ," ಎಂದು ಗುಜರಿಯವನಿಗೆ ಹೇಳುವುದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಮಾನಂದವಾಡಿಗೆ ಹೋಗಿ ಬೇರಿಂಗ್, ಸೀಲು, ಗ್ರೀಸಿನ ಡಬ್ಬಿ ತಂದಳು.

ವಿಮಲಳನ್ನು ಚೇಚಿ, ಅಕ್ಕ, ಎಂದು ಕರೆಯುವ ಅಮ್ಮಾಳು ಸುತ್ತಿಗೆ ಕೊಡಲು ಪಕ್ಕದಲ್ಲಿ ಕೂತಿದ್ದಳು. ವಿಮಲ ಚಕ್ರದ ನಡುವಿನ ಮುಚ್ಚಳ ಎಬ್ಬಿಸಿದಳು. ಒಳಗೆ ಗ್ರೀಸಿನ ಸುಳಿವಿಲ್ಲ. ಅಂಟಿನಂಥ ಕಂದು ಬಣ್ಣದ ಏನೋ ಸುಟ್ಟು ಹಿಡಿದಿತ್ತು. ಅಮ್ಮಾಳು ಬೆರಳಿಗೆ ತೆಗೆದು ಮೂಸಿದಳು.

"ವಿಮಲಚೇಚಿ, ಇದು ಹರಳೆಣ್ಣೆ. ಗಾಡಿಗೆ ಹೊಟ್ಟೆ ಕಟ್ಟಿತ್ತಾ?"

ವಿಮಲ ನಗಲಿಲ್ಲ. "ಏನ್ರೀ, ಇಲ್ಲಿ ಬನ್ನಿ."

ಪದ್ಮರಾಜ ಜಗಲಿಯ ಮೆಟ್ಟಿಲವರೆಗೆ ಬಂದು ನಿಂತ.

"ಇದನ್ನ ಹಾಕಿದ್ದು ಯಾರು?"

ಅವನು ಕತ್ತು ತುರಿಸಿಕೊಂಡ. "ದಶಲಕ್ಷಣ ಪರ್ವದಲ್ಲಿ ಪಕ್ಕದ್ಮನೆ ಜಯನ್ ಹೇಳಿದ, ಗ್ರೀಸಲ್ಲಿ ದನದ ಕೊಬ್ಬು ಇರುತ್ತೆ ಅಂತ. ಆ ಗಾಡೀಲಿ ಬಸದಿಗೆ ಹೋಗೋದು ಹೇಗೆ? ಸೀಮೆಎಣ್ಣೇಲಿ ತೊಳೆಸಿ ಇದನ್ನ ಹಾಕಿಸಿದೆ. ಅಜ್ಜ ಗಾಡಿ ಕೀಲಿಗೆ ಹಾಕ್ತಿದ್ದಿದ್ದೂ ಇದೇ ತಾನೆ."

"ಅಜ್ಜನ ಗಾಡಿಗೆ ಎತ್ತು ಕಟ್ತಿದ್ರು."

"ಹೇಳಿದ್ರೆ ನೀನು ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ. ಕೊಬ್ಬು ನಿಮಗೊಬ್ಬರಿಗೇ ಆಗಲ್ವಾ, ನಾನು ಜೈನರ ಮನೇಲಿ ಹುಟ್ಟಿದವಳಲ್ವಾ?" ಅವಳು ಡಬ್ಬಿಯನ್ನು ಅವನ ಕಾಲ ಬಳಿ ಇಟ್ಟಳು. "ಕೊಬ್ಬಿಲ್ಲದ್ದು ಕೊಡಿ ಅಂತ ಅಂಗಡೀಲಿ ಕೇಳಿ ತಂದಿದ್ದೀನಿ. ಇದನ್ನ ಮಾಡೋದೂ ಹರಳೆಣ್ಣೆಯಿಂದಲೇ ಅಂತೆ, ಚಕ್ರದ ಬಿಸಿ ತಡೆಯೋ ಹಾಗೆ ಹದ ಮಾಡಿ. ಕೇಳೋದು ಅಂತ ಒಂದಿದೆ. ಅದಿರಲಿ. ಸದ್ದು ಬಂದಾಗ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಗುಂಡಿ ಅಂದ್ರಿ."

ಅವನು ಒಳಗೆ ಹೋದ.

ಸುಟ್ಟು ನೀಲಿಗಟ್ಟಿದ ಬೇರಿಂಗ್ ಸುಲಭವಾಗಿ ಕೈಗೆ ಬಂತು. ಅದರ ಹೊರಬಳೆ ಮಾತ್ರ ಗಾಲಿಯ ನಡುವಿನ ಗುಂಬದಲ್ಲಿ ಕಚ್ಚಿಕೊಂಡಿತ್ತು. ಹಳೇ ಬಳೆಯಲ್ಲಿ ಹೊಸ ಬೇರಿಂಗ್ ಕೂರಿಸಿದರೆ ಮತ್ತೆ ಅದೇ ಪಾಡು. ಉಳಿಯಂಥ ಕಬ್ಬಿಣ ಇಟ್ಟು, ಒಮ್ಮೆ ಈ ಬದಿ ಒಮ್ಮೆ ಆ ಬದಿ, ಸುತ್ತಿಗೆಯಿಂದ ಹೊಡೆದಳು. ಒಂದೊಂದು ಪೆಟ್ಟಿಗೂ 'ಗುಂಡಿ' ಎನ್ನುತ್ತಿದ್ದಳು. "ಮೆಲ್ಲಗೆ ಚೇಚಿ, ಒಳಗಿರೋರಿಗೆ ತಾಗುತ್ತೆ," ಎಂದಳು ಅಮ್ಮಾಳು. ಬಳೆ ಕಳಚಿ ಬಿತ್ತು. ಅದನ್ನೇ ಮೇಲಿಟ್ಟು ಹೊಸ ಬಳೆಯನ್ನು ಓರೆಯಾಗದಂತೆ ಬಡಿದು ಇಳಿಸಿದಳು. ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು, ಅಪ್ಪ ಮಾಡುತ್ತಿದ್ದಂತೆ, ಬೇರಿಂಗಿನ ಸಂದುಸಂದಿಗೂ ಒತ್ತಿ ತುಂಬಿದಳು. ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಚೂರು ಸಡಿಲ ಬಿಟ್ಟು, ಪಿನ್ನು ಸಿಕ್ಕಿಸಿದಳು. ಇನ್ನೊಂದು ಚಕ್ರವೂ ಮುಗಿಯುವಾಗ ಸಂಜೆಯ ಬಿಸಿಲು ತೆಂಗಿನ ತಲೆಗೆ ಏರಿತ್ತು.

ರಸ್ತೆಯಲ್ಲಿ ಒಂದು ಓಟ ಹೊಡೆದು ಬಂದಳು. ಎಂಜಿನ್ನಿನದು ಬಿಟ್ಟರೆ ಬೇರೆ ಸದ್ದಿಲ್ಲ.

ಪದ್ಮರಾಜ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಅವಳು ಮಧ್ಯಾಹ್ನವೂ ಉಂಡಿರಲಿಲ್ಲ.

"ಉಂಡುಬಿಡು. ಹೊತ್ತು ಇಳೀತಾ ಇದೆ."

"ಗುಜರಿಯವನಿಗೆ ಫೋನ್ ಮಾಡಿ."

"ಬೆಳಿಗ್ಗೆ ಹೇಳಿದ್ರಾಯ್ತು."

"ಹಾಗಾದ್ರೆ ನಾನೂ ಬೆಳಿಗ್ಗೆ ಉಣ್ತೀನಿ."

ಅವನು ಆಕಾಶ ನೋಡಿದ, ತಟ್ಟೆ ನೋಡಿದ, ಅಮ್ಮಾಳುವನ್ನು ನೋಡಿದ. ಅವಳು ಎಲೆ ಅಡಿಕೆ ಮೆಲ್ಲುತ್ತಾ ಎಲ್ಲೂ ಹೋಗುವ ಯೋಚನೆಯಲ್ಲಿ ಇರಲಿಲ್ಲ. ಕೊನೆಗೆ ಫೋನ್ ತೆಗೆದ.

"ಹೂಂ, ಬರಬೇಡಿ. ಕಾರು ಕೊಡಲ್ಲ. ರಿಪೇರಿ ಆಯ್ತು."

"ಕೆಟ್ಟಿದ್ದು ಹೇಗೆ ಅಂತಲೂ ಹೇಳಿ."

ಅವನು ತಡವರಿಸಿದ. "ನಾನೇ... ಎಣ್ಣೆ ತಪ್ಪು ಹಾಕಿಸಿದ್ದೆ," ಎಂದ.

ಅಷ್ಟರಲ್ಲಿ ಸೂರ್ಯ ಕಾಡಿನ ಹಿಂದೆ ಇಳಿದಿದ್ದ. "ಇನ್ನೂ ಬೆಳಕಿದೆ, ಉಣ್ಣು," ಎಂದು ಪದ್ಮರಾಜ ತಟ್ಟೆ ಚಾಚಿದ. ನೇಮದ ವಿಷಯದಲ್ಲಿ ಅವನು ಹಾಗೆ ಹೇಳಿದ್ದು ಅದೇ ಮೊದಲು.

"ಗಾಲಿಗೆ ಒಂದು ನೇಮ, ನನಗೆ ಒಂದಾ?" ವಿಮಲ ಅವನ ಕೈಯಿಂದ ತಟ್ಟೆ ತೆಗೆದು ಅಮ್ಮಾಳುವಿಗೆ ಕೊಟ್ಟಳು. "ಬಸುರಿಗೆ ಕೊಡು. ಗಾಡಿ ಹತ್ತು, ಬಿಟ್ಟು ಬರ್ತೀನಿ."

ಗಾಡಿ ಹಾಡಿಯ ದಾರಿ ಹಿಡಿಯಿತು. ಹೊಟ್ಟೆ ಚುರುಗುಟ್ಟುತ್ತಿತ್ತು, ಸಿಟ್ಟು ಇಳಿದಿರಲಿಲ್ಲ. ದಾರಿಯಲ್ಲಿ ಸಿಕ್ಕ ಗುಂಡಿಗಳನ್ನು ಒಂದನ್ನೂ ತಪ್ಪಿಸದೆ ಓಡಿಸಿದಳು. ಚಕ್ರ ಗೊರಗುಟ್ಟಲಿಲ್ಲ.